ಅಡುಗೆಮನೆಗೂ ಒಂದು ಕಿಟಕಿ

ಕುಂಸಿಯಲ್ಲಿ ಪರಿಚಯದವರೊಬ್ಬರು ಮನೆ ಕಟ್ಟಿಸಿದರು. ಹಜಾರಕ್ಕೆ ಹೊಳೆಯುವ ಟೈಲ್ಸ್, ಶೋಕೇಸ್, ಎರಡು ದೊಡ್ಡ ಕಿಟಕಿ. ನೋಡಿದವರೆಲ್ಲ 'ಮಾಶಾ ಅಲ್ಲಾಹ್' ಎಂದರು. ಒಳಗೆ ಹೋದರೆ ಅಡುಗೆಮನೆಯಲ್ಲಿ ಹಗಲಲ್ಲೇ ಬಲ್ಬು ಉರಿಯುತ್ತಿತ್ತು. "ಆಪಾ, ಇಲ್ಲಿ ಏನು ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ" ಎಂದು ಮನೆಯೊಡತಿ ಮೆಲ್ಲಗೆ ಹೇಳಿದರು.

ಬಳಸುವವರ ಕಷ್ಟವನ್ನು ಅರಿತು ರೂಪಿಸಿದರೆ ಒಲೆಯಂಥ ಸಾಮಾನ್ಯ ವಸ್ತುವೂ ನೆಮ್ಮದಿ ಕೊಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು 1980ರ ದಶಕದಲ್ಲಿ ಹಳ್ಳಿಮನೆಗಳಿಗಾಗಿ ಅಸ್ತ್ರ ಒಲೆಯನ್ನು ರೂಪಿಸಿದರು. ಒಂದೇ ಬೆಂಕಿಗೆ ಮೂರು ಪಾತ್ರೆ. ಹೊಗೆ ಕೊಳವೆಯ ಮೂಲಕ ಮಾಡಿನಿಂದ ಹೊರಗೆ. ಸೌದೆ ಉಳಿಯಿತು, ಊದುಕೊಳವೆ ಹಿಡಿದು ಕಣ್ಣೊರೆಸಿಕೊಳ್ಳುವ ಪಾಡು ತಪ್ಪಿತು.

ಈಗ ಗ್ಯಾಸ್ ಬಂದಿದೆ. ಆದರೆ ಒಗ್ಗರಣೆಯ ಘಾಟು, ಕತ್ತಲೆ, ಕೈಗೆಟುಕದ ಕಪಾಟು, ಬೆನ್ನು ಬಗ್ಗಿಸುವ ತಗ್ಗಿನ ಕಟ್ಟೆ ಎಷ್ಟೋ ಮನೆಗಳಲ್ಲಿ ಹಾಗೆಯೇ ಇವೆ.

ದಾರಿಯಲ್ಲಿ ತೊಂದರೆ ಕೊಡುವುದನ್ನು ಸರಿಸುವುದೂ ಈಮಾನಿನ ಭಾಗವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಗುರುತಿಲ್ಲದ ದಾರಿಹೋಕನ ಕಾಲಿನ ಬಗ್ಗೆ ಇಷ್ಟು ಕಾಳಜಿಯಿರುವಾಗ, ಮನೆಯಾಕೆಯ ಕಣ್ಣು, ಬೆನ್ನುಗಳ ಬಗ್ಗೆ ಎಷ್ಟಿರಬೇಕು?

ಸಹೋದರಿಯರೇ, ಮನೆ ಕಟ್ಟಿಸುವಾಗ ಸಂಕೋಚ ಬಿಟ್ಟು ಹೇಳಿ: ಕಟ್ಟೆ ನನ್ನ ಎತ್ತರಕ್ಕಿರಲಿ, ಒಲೆಯ ಬಳಿ ಕಿಟಕಿಯಿರಲಿ. ಹಳೆಯ ಹೆಂಚಿನ ಮನೆಯಾದರೆ ಒಂದು ಗಾಜಿನ ಹೆಂಚೂ ಬೆಳಕು ತರುತ್ತದೆ. ಸಹೋದರರೇ, ಅವರು ಹೇಳುವವರೆಗೆ ಕಾಯದೆ ನೀವೇ ಕೇಳಿ.

ಕುಂಸಿಯ ಆ ಮನೆಯಲ್ಲಿ ರಮಝಾನಿಗೆ ಮುನ್ನ ಗೋಡೆ ಒಡೆಸಿ ಕಿಟಕಿ ಇಡಿಸಿದರು. "ಸಹ್ರಿಯ ಹೊತ್ತಿಗೆ ತಂಪು ಗಾಳಿ ಬರುತ್ತದೆ ಆಪಾ" ಎನ್ನುವಾಗ ಆಕೆಯ ಮುಖ ನೋಡಬೇಕಿತ್ತು.