ಸಾಲಿಗೆ ಹೋಗುವ ಹುಡುಗನ ಮಾತು

ಬೆಳಗಾವಿ ಜಿಲ್ಲೆಯ ಚಚಡಿಯ ಹುಡುಗ ಶಾಲೆಗೆ ಹೋಗುವುದಿಲ್ಲ, ಸಾಲಿಗೆ ಹೋಗುತ್ತಾನೆ. ಅವನಿಗೆ ಪಾಠ ಹೇಳುವವರು ಮೇಷ್ಟ್ರಲ್ಲ, ಮಾಸ್ತರು. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದರೆ ಅವ್ವ ಕೇಳುವುದು ‘ಎಲ್ಲಿ ಹೋಗಿದ್ದ್ಯೋ ಇಷ್ಟೊತ್ತನಾ’ ಎಂದು. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಎರೆಮಣ್ಣಿನ ಸೀಮೆಯಲ್ಲಿ ಬೆಳೆದವರಿಗೆ ಬಾಲ್ಯವೆಂದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಮಣ್ಣಿನ ಎತ್ತು, ಪಂಚಮಿಯ ಜೋಕಾಲಿ, ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಸಾಲು. ಇವೆಲ್ಲ ನೆನಪಾಗುವುದು ಆ ಮಾತಿನ ದನಿಯ ಜೊತೆಗೇ. ದನಿ ಬದಲಾದರೆ ನೆನಪೂ ಬೇರೆಯವರದಾಗುತ್ತದೆ.

ಬಾಲ್ಯವನ್ನು ನೆನೆಯುವ ಸಿನಿಮಾಕ್ಕೆ ಪಾತ್ರಧಾರಿಗಳನ್ನು ಆರಿಸುವಾಗ ಈ ಮಾತು ಎಷ್ಟು ಮುಖ್ಯ? ಹಳೆಯ ಸೈಕಲ್ಲು, ಹೆಂಚಿನ ಮನೆ, ಕಂದೀಲು ಎಲ್ಲಿಂದಲಾದರೂ ತರಬಹುದು. ಆದರೆ ಹುಡುಗ ಬಾಯಿ ತೆರೆದ ಕ್ಷಣ ನೋಡುವವನು ಒಂದೋ ತನ್ನ ಊರಿಗೆ ಹೋಗುತ್ತಾನೆ, ಇಲ್ಲವೇ ಕುರ್ಚಿಯಲ್ಲೇ ಉಳಿಯುತ್ತಾನೆ.

2018ರಲ್ಲಿ ತೆರೆಕಂಡ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಇದಕ್ಕೆ ಹತ್ತಿರದ ಸಾಕ್ಷಿ. ಅದರ ಹುರುಳು ಗಡಿಯ ಸಂಕಟ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಒಂದು ಕನ್ನಡ ಶಾಲೆ. ಅಲ್ಲಿಗೆ ಕನ್ನಡವೇ ಬಾರದ ಗಣಿತದ ಶಿಕ್ಷಕ. ಮುಚ್ಚುವ ಹಂತಕ್ಕೆ ಬಂದ ಆ ಶಾಲೆಯನ್ನು ಉಳಿಸಿಕೊಳ್ಳಲು ಹೊರಡುವ ಮಕ್ಕಳು. ಬೆಳಗಾವಿ ಜಿಲ್ಲೆಯ ಓದುಗರಿಗೆ ಗಡಿ ಮತ್ತು ಸಾಲಿಯ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಚಿತ್ರದ ಮೊದಲ ಅರ್ಧ ಹೋರಾಟದ ಭಾರವನ್ನು ಹೊತ್ತುಕೊಳ್ಳುವುದಿಲ್ಲ. ಪ್ರವೀಣನಾಗಿ ರಂಜನ್, ಮಮ್ಮೂಟಿಯಾಗಿ ಸಂಪತ್, ಪಲ್ಲವಿಯಾಗಿ ಸಪ್ತಾ ಪಾವೂರು ಕರಾವಳಿಯ ಕನ್ನಡವನ್ನು ಯಾವ ಮುಜುಗರವೂ ಇಲ್ಲದೆ ಆಡುತ್ತಾರೆ. ಹುಡುಗಿಯನ್ನು ಕದ್ದು ನೋಡುವ ನಾಚಿಕೆ, ಗೆಳೆಯನ ಮೇಲಿನ ಹೊಟ್ಟೆಕಿಚ್ಚು, ಪರೀಕ್ಷೆಯ ಅಂಜಿಕೆ ಎಲ್ಲವೂ ಆ ಮಾತಿನ ಏರಿಳಿತದಲ್ಲೇ ಇವೆ. ತುಳು ರಂಗಭೂಮಿಯಿಂದ ಬಂದ ಪ್ರಕಾಶ್ ತೂಮಿನಾಡು ಕೂಡ ಅದೇ ನೆಲದ ನಟ. ಹೀಗಾಗಿ ದೊಡ್ಡವರೂ ಮಕ್ಕಳೂ ಒಂದೇ ಊರಿನವರಂತೆ ಕಾಣುತ್ತಾರೆ.

ಆಮೇಲೆ ಅನಂತ್ ನಾಗ್ ಬರುತ್ತಾರೆ. ಮೈಸೂರಿನಿಂದ ಮಕ್ಕಳ ನೆರವಿಗೆ ಬರುವ ಅನಂತಪದ್ಮನಾಭನ ಪಾತ್ರದಲ್ಲಿ ಅವರ ಅಭಿನಯಕ್ಕೆ ಹೆಸರಿಡುವಂತಿಲ್ಲ. ಸಿಡುಕು, ತುಂಟತನ, ನ್ಯಾಯಾಲಯದಲ್ಲಿ ವಾದಕ್ಕೆ ನಿಂತಾಗಿನ ಹಿಡಿತ, ಎಲ್ಲದರಲ್ಲೂ ಅನುಭವ ಮಾತಾಡುತ್ತದೆ. ಆದರೆ ಅವರು ಬಂದ ಮೇಲೆ ಕಥೆ ಮಕ್ಕಳ ಕೈಬಿಟ್ಟು ಹೋಗುತ್ತದೆ. ಅಲ್ಲಿಯವರೆಗೆ ತಾವೇ ಕಥೆ ನಡೆಸಿದ ಹುಡುಗರು ನ್ಯಾಯಾಲಯದಲ್ಲಿ ಕೇಳುಗರಾಗಿ ಕೂರುತ್ತಾರೆ. ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಆ ಗೌರವವನ್ನು ಗಳಿಸಿಕೊಟ್ಟದ್ದು ಮೊದಲ ಅರ್ಧ.

ಮಕ್ಕಳ ಕೈಯಿಂದ ಕಥೆಯನ್ನು ಕಸಿದುಕೊಳ್ಳದ ಚಿತ್ರಗಳು ಕನ್ನಡದಲ್ಲಿ ಹಿಂದೆಯೇ ಬಂದಿವೆ. 1973ರ ‘ಕಾಡು’ ಚಿತ್ರದಲ್ಲಿ ಗಿರೀಶ್ ಕಾರ್ನಾಡರು ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯ ಹಳ್ಳಿಯನ್ನು ತೋರಿಸಿದ್ದು ಕಿಟ್ಟಿಯೆಂಬ ಹುಡುಗನ ಕಣ್ಣಿನಿಂದ. ಆ ಪಾತ್ರಕ್ಕೆ ಜಿ. ಎಸ್. ನಟರಾಜ್ ರಾಷ್ಟ್ರಪ್ರಶಸ್ತಿ ಪಡೆದರು. 1977ರ ‘ಘಟಶ್ರಾದ್ಧ’ದಲ್ಲಿ ಗಿರೀಶ್ ಕಾಸರವಳ್ಳಿಯವರು ಅನಂತಮೂರ್ತಿಯವರ ಕಥೆಯ ನಾಣಿಯನ್ನು ಅಜಿತ್ ಕುಮಾರ್ ಕೈಗಿತ್ತರು. ಮೀನಾ ಕುಟ್ಟಪ್ಪ ಅವರ ಯಮುನಕ್ಕನನ್ನು ಆ ಹುಡುಗ ನೋಡುವ ನೋಟದಲ್ಲಿ ಅರ್ಥವಾಗದ್ದೂ ಇದೆ, ಅರ್ಥವಾಗಿಬಿಟ್ಟ ನೋವೂ ಇದೆ. ಅವನು ಆಡುವ ಮಾತು ಕಡಿಮೆ. ದೊಡ್ಡವರ ಕ್ರೌರ್ಯವನ್ನು ತಡೆಯಲಾಗದೆ ನಿಂತ ಮಗುವಿಗೆ ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಿಯೂ ಇಲ್ಲ. ಅಜಿತ್‌ಗೂ ಅತ್ಯುತ್ತಮ ಬಾಲನಟ ಪ್ರಶಸ್ತಿ ಸಂದಿತು.

ಹಾಗಾದರೆ ಆಯಾ ಊರಿನ ಮಗುವೇ ಆಗಬೇಕೆ? ಇದಕ್ಕೆ ಗಟ್ಟಿಯಾದ ಎದುರುತ್ತರಗಳಿವೆ. 1985ರ ‘ಬೆಟ್ಟದ ಹೂವು’ ಚಿತ್ರದ ಬಡ ಹುಡುಗ ರಾಮು ಆದದ್ದು ರಾಜಕುಮಾರ್ ಅವರ ಮಗ ಪುನೀತ್. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲೆಂದು ಕಾಸಿಗೆ ಕಾಸು ಕೂಡಿಟ್ಟ ಹುಡುಗ ಕೊನೆಗೆ ಮನೆಯವರ ಚಳಿಗೆ ಕಂಬಳಿ ಕೊಳ್ಳುವಾಗ, ಅವನು ಯಾರ ಮಗನೆಂದು ಯಾರೂ ಕೇಳಲಿಲ್ಲ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಸ್ವಾಮಿ ದೂರದರ್ಶನದಲ್ಲಿ ಹಿಂದಿ ಮಾತಾಡಿದ. ಆದರೂ ಮಾಸ್ಟರ್ ಮಂಜುನಾಥ್ ಅವರ ಕಣ್ಣು, ಓಟ, ಅಪ್ಪನ ಎದುರು ತಲೆ ತಗ್ಗಿಸುವ ರೀತಿ ನಮ್ಮವೇ ಎನಿಸಿದವು. ಕುಂ. ವೀರಭದ್ರಪ್ಪನವರ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ‘ಕೊಟ್ರೇಶಿ ಕನಸು’ ಎಂದು ತೆರೆಗೆ ತಂದಾಗ, ಓದಬೇಕೆಂದು ಹಂಬಲಿಸುವ ದಲಿತ ಹುಡುಗನ ಪಾತ್ರ ವಹಿಸಿ ರಾಷ್ಟ್ರಪ್ರಶಸ್ತಿ ಪಡೆದ ವಿಜಯ ರಾಘವೇಂದ್ರ ಕೂಡ ಸಿನಿಮಾ ಮನೆತನದವರೇ.

ಈ ಉದಾಹರಣೆಗಳನ್ನು ತಳ್ಳಿಹಾಕುವಂತಿಲ್ಲ. ಅಸಾಧಾರಣ ಪ್ರತಿಭೆ ಊರು, ಮನೆತನ, ಭಾಷೆಗಳನ್ನು ದಾಟಿಬಿಡುತ್ತದೆ. ಆದರೆ ಅಂಥ ಮಗು ಸಿಗುವುದು ಅಪರೂಪ, ಆ ನಂಬಿಕೆಯಲ್ಲಿ ಪ್ರತಿ ಚಿತ್ರವನ್ನೂ ಕಟ್ಟಲಾಗದು. ‘ತಿಥಿ’ ಇನ್ನೊಂದು ದಾರಿ ತೋರಿಸಿತು. ಮಂಡ್ಯ ಸೀಮೆಯ ನೊದೆಕೊಪ್ಪಲಿನ ಜನರನ್ನೇ ರಾಮ್ ರೆಡ್ಡಿ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಗಡ್ಡಪ್ಪನಾದ ಚನ್ನೇಗೌಡರು, ಸೆಂಚುರಿ ಗೌಡನಾದ ಸಿಂಗ್ರಿಗೌಡರು, ಹುಡುಗಿಯ ಹಿಂದೆ ಬೀಳುವ ಅಭಿಯಾದ ಅಭಿಷೇಕ್ ಯಾರೂ ವೃತ್ತಿನಟರಲ್ಲ. 2015ರಲ್ಲಿ ಆ ಚಿತ್ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಹಳ್ಳಿಯ ಮಾತು ಹಳ್ಳಿಯ ಬಾಯಲ್ಲೇ ಇದ್ದರೆ ಜಗತ್ತು ಕೇಳಿಸಿಕೊಳ್ಳುತ್ತದೆ.

ಉತ್ತರ ಕರ್ನಾಟಕದ ಮಾತಿಗೆ ಈ ಭಾಗ್ಯ ಸಿಕ್ಕಿದ್ದು ಬಹಳ ಕಡಿಮೆ. ಬೆಳಗಾವಿ ಜಿಲ್ಲೆಯವರೇ ಆದ ಚಂದ್ರಶೇಖರ ಕಂಬಾರರು ‘ಕಾಡುಕುದುರೆ’ಯಂಥ ಚಿತ್ರ ಮಾಡಿದರು, ‘ನಾಗಮಂಡಲ’, ‘ಸಂತ ಶಿಶುನಾಳ ಶರೀಫ’ ಬಂದವು. ಅವನ್ನು ಬಿಟ್ಟರೆ ಮುಖ್ಯವಾಹಿನಿಯ ಸಿನಿಮಾದಲ್ಲಿ ನಮ್ಮ ‘ಹೌದಲ್ರೀ’, ‘ಯಾಕಲೇ’ಗಳು ಹೆಚ್ಚಾಗಿ ನಗೆಗೆ ಬಳಕೆಯಾಗಿವೆ. ಬೀದರ ಜಿಲ್ಲೆಯ ವೈಜನಾಥ ಬಿರಾದಾರ ಎಷ್ಟೋ ಚಿತ್ರಗಳಲ್ಲಿ ಭಿಕ್ಷುಕನಾಗಿ, ಕುಡುಕನಾಗಿ ನಗಿಸಿ ಹೋದರು. ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನೇರಿ’ ಬಂದ ಮೇಲಷ್ಟೇ ಅವರೊಳಗೆ ಎಂಥ ನಟನಿದ್ದಾನೆಂದು ತಿಳಿಯಿತು. ದೊಡ್ಡವರ ಗತಿಯೇ ಹೀಗಿರುವಾಗ ಈ ಸೀಮೆಯ ಮಗುವನ್ನು ಹುಡುಕುವವರು ಯಾರು?

ನಟರಿಗೆ ಇಲ್ಲಿ ಬರವಿಲ್ಲ. ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಹುಟ್ಟಿದ ಬೈಲಹೊಂಗಲ ಸೀಮೆ ಇದು. ಜಾತ್ರೆ ಬಂತೆಂದರೆ ಊರೂರಿಗೆ ನಾಟಕದ ತಾಲೀಮು ಶುರುವಾಗುತ್ತದೆ. ಹೊಲದಿಂದ ಬಂದ ಹುಡುಗರು ಉಂಡು ಕೈತೊಳೆದು, ಪೇಟಿ ಮಾಸ್ತರರ ಎದುರು ನಡುರಾತ್ರಿಯವರೆಗೆ ಮಾತು ಕಲಿಯುತ್ತಾರೆ. 1914ರಲ್ಲಿ ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದ ಬಾಳಪ್ಪ ಎಳವೆಯಲ್ಲೇ ಬಣ್ಣ ಹಚ್ಚಿದರು, ಸ್ತ್ರೀಪಾತ್ರಗಳಿಂದ ಹೆಸರಾದರು, ಕಲಾವೈಭವ ನಾಟ್ಯ ಸಂಘ ಕಟ್ಟಿ ನಾಡೆಲ್ಲ ತಿರುಗಿದರು, ಬಸವೇಶ್ವರನ ಪಾತ್ರದಲ್ಲಿ ಜನರ ಕೈ ಮುಗಿಸಿಕೊಂಡರು. 2017ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಹಳ್ಳಿಯ ಹುಡುಗನೊಬ್ಬ ಬಣ್ಣದ ನಡುವೆ ಬೆಳೆದು ದೊಡ್ಡವನಾದ ಆ ಕಥೆಯೇ ಒಂದು ಸಿನಿಮಾಕ್ಕೆ ಸಾಕು.

ಆ ಸಿನಿಮಾ ಮಾಡಲು ಹೊರಡುವ ನಿರ್ದೇಶಕರಲ್ಲಿ ಒಂದು ವಿನಂತಿ. ಹುಡುಗನನ್ನು ಬೆಂಗಳೂರಿನ ಆಡಿಷನ್ನಿನಲ್ಲಿ ಹುಡುಕುವ ಮೊದಲು, ಜಾತ್ರೆಯ ಹಿಂದಿನ ರಾತ್ರಿ ಈ ಊರುಗಳ ತಾಲೀಮಿಗೆ ಒಮ್ಮೆ ಬಂದು ಕುಳಿತುಕೊಳ್ಳಿ. ಮತ್ತೆ, ಅವನ ಬಾಯಲ್ಲಿ ‘ಸಾಲಿ’ಯನ್ನು ‘ಶಾಲೆ’ ಎಂದು ತಿದ್ದಬೇಡಿ.