ಮೋಟು ಬಾಲದ ಮ್ಯಾಂಕ್ಸ್ ಬೆಕ್ಕು

ಬ್ರಿಟನ್ ಮತ್ತು ಐರ್ಲೆಂಡ್‌ಗಳ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. 1970ರಲ್ಲಿ ಅಲ್ಲಿ ಹೊರಬಂದ ಕ್ರೌನ್ ನಾಣ್ಯದ ಮೇಲೆ ಒಂದು ಬೆಕ್ಕಿನ ಚಿತ್ರವಿತ್ತು. ಆ ಬೆಕ್ಕಿಗೆ ಬಾಲವೇ ಇಲ್ಲ! ಅದೇ ದ್ವೀಪದವರ ಹೆಮ್ಮೆಯ ಮ್ಯಾಂಕ್ಸ್ ತಳಿ.

ಈ ಬೆಕ್ಕಿನ ಬಗ್ಗೆ ಕತೆಗಳಿಗೆ ಬರವಿಲ್ಲ. ನೋಹನ ನಾವೆಯನ್ನು ಎಲ್ಲರಿಗಿಂತ ಕೊನೆಗೆ ಹತ್ತುವಾಗ ಬಾಗಿಲಿಗೆ ಸಿಕ್ಕಿ ಬಾಲ ತುಂಡಾಯಿತೆಂಬುದು ಒಂದು. ಬೆಕ್ಕಿಗೂ ಮೊಲಕ್ಕೂ ಹುಟ್ಟಿದ್ದೆಂಬುದು ಇನ್ನೊಂದು. ಎರಡೂ ಸುಳ್ಳು. ಆದರೆ ಗುಂಡನೆಯ ಮೈ, ಮುಂಗಾಲಿಗಿಂತ ಉದ್ದವಾದ ಹಿಂಗಾಲು, ಕುಪ್ಪಳಿಸುವಂಥ ನಡಿಗೆ ನೋಡಿದರೆ ಮೊಲದ ಕತೆ ಏಕೆ ಹುಟ್ಟಿತೆಂದು ತಿಳಿಯುತ್ತದೆ.

ಹೊಲಮನೆಗಳಲ್ಲೂ ಹಡಗುಗಳಲ್ಲೂ ಇಲಿ ಹಿಡಿದು ಹೆಸರು ಮಾಡಿದ ತಳಿಯಿದು. ಮನೆಯೊಳಗೆ ಮಾತ್ರ ಬಲು ಸೌಮ್ಯ. ಒಬ್ಬಿಬ್ಬರನ್ನು ಹಚ್ಚಿಕೊಂಡು ಅವರು ಹೋದಲ್ಲೆಲ್ಲ ಹಿಂದೆಯೇ ಹೋಗುತ್ತದೆ. ಎಸೆದ ವಸ್ತುವನ್ನು ಕಚ್ಚಿ ತರುವುದನ್ನು ಕಲಿಯುವವೂ ಉಂಟು. 'ನಾಯಿಯಂಥ ಬೆಕ್ಕು' ಎಂದು ಸಾಕಿದವರು ಮೆಚ್ಚುವುದು ಇದಕ್ಕೇ.

ಇನ್ನು ಬಾಲದ ವಿಚಾರ. ಇದಕ್ಕೆ ಕಾರಣವಾದ ವಂಶವಾಹಿಯ ದೋಷಗಳನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. 'ಟಿ' ಎಂಬ ಈ ವಂಶವಾಹಿ, ಭ್ರೂಣದಲ್ಲಿ ಬೆನ್ನೆಲುಬಿನ ಹಿಂಭಾಗ ರೂಪುಗೊಳ್ಳಲು ಬೇಕು. ತಂದೆ ತಾಯಿಯರಿಂದ ಬರುವ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಬಾಲ ಮೋಟಾಗುತ್ತದೆ, ಇಲ್ಲವೇ ಇರುವುದೇ ಇಲ್ಲ. ಎರಡೂ ಕೆಟ್ಟಿದ್ದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ.

ಹೈಸ್ಕೂಲಿನಲ್ಲಿ ಓದಿದ ಮೆಂಡೆಲನ ಬಟಾಣಿ ಗಿಡ, 3:1ರ ಅನುಪಾತ ನೆನಪಿದೆಯೇ? ಬಾಲವಿಲ್ಲದ ಎರಡು ಮ್ಯಾಂಕ್ಸ್‌ಗಳನ್ನು ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಅದು 2:1 ಆಗುತ್ತದೆ. ಸರಾಸರಿ ಎರಡು ಮೋಟು ಮರಿ, ಒಂದು ಬಾಲದ ಮರಿ. ಲೆಕ್ಕದಲ್ಲಿ ಕಾಣದ ನಾಲ್ಕನೆಯದು ಹುಟ್ಟಲೇ ಇಲ್ಲ.

ಹುಟ್ಟಿದ ಮೋಟು ಮರಿಗಳಲ್ಲೂ ಕೆಲವಕ್ಕೆ ಬೆನ್ನುಹುರಿಯ ದೋಷವಿರುತ್ತದೆ. ಹಿಂಗಾಲು ಸೋಲುತ್ತದೆ, ಮಲಮೂತ್ರದ ಹತೋಟಿ ತಪ್ಪುತ್ತದೆ. ಇದು ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಗೊತ್ತಾಗುವುದರಿಂದ, ಬಲ್ಲ ಸಾಕಣೆದಾರರು ಮರಿಯನ್ನು ನಾಲ್ಕು ತಿಂಗಳವರೆಗೆ ತಮ್ಮಲ್ಲೇ ಇಟ್ಟುಕೊಂಡು ನೋಡುತ್ತಾರೆ. ಬಾಲವಿಲ್ಲದ್ದನ್ನು ಬಾಲವಿರುವುದರೊಡನೆ ಕೂಡಿಸುತ್ತಾರೆ. ಆಗ ಎರಡೂ ಪ್ರತಿ ಕೆಟ್ಟ ಭ್ರೂಣ ಉಂಟಾಗುವುದಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಿದೆಯಲ್ಲ? ಇಲ್ಲಿ ಚೆಲ್ಲಾಟ ಮನುಷ್ಯನದು, ಸಂಕಟ ಬೆಕ್ಕಿನದು. ಪ್ರದರ್ಶನದಲ್ಲಿ ಬಹುಮಾನ ಬಾಲವಿಲ್ಲದ್ದಕ್ಕೆ. ಆದರೆ ಜನ ಮೆಚ್ಚಿದ ಆ ಸೌಮ್ಯ ಗುಣ, ಆ ಅಂಟಿಕೊಳ್ಳುವಿಕೆ ಅದೇ ಸೂಲಿನ ಬಾಲದ ಮರಿಯಲ್ಲೂ ಇರುತ್ತದೆ. ಮ್ಯಾಂಕ್ಸ್ ಬೇಕೆನ್ನುವವರು ಮೊದಲು ಆ ಮರಿಯನ್ನು ಎತ್ತಿಕೊಂಡು ನೋಡಲಿ.