ಡಬ್ಬಿಯ ಬಲವೋ, ತಟ್ಟೆಯ ಬಲವೋ?

ಮಕ್ಕಳೇ, ಧರ್ಮಪುರಿ ಪೇಟೆಯ ಬೀದಿಯಲ್ಲಿ ನಡೆಯುವಾಗ ವ್ಯಾಯಾಮ ಶಾಲೆಗಳ ಫಲಕಗಳನ್ನು ನೀವು ನೋಡಿರಬಹುದು. ತೋಳು ಮಡಿಸಿ, ಎದೆ ಉಬ್ಬಿಸಿ ನಿಂತವರ ದೊಡ್ಡ ಚಿತ್ರಗಳು ಅಲ್ಲಿರುತ್ತವೆ. ಹಿಂದೆ ನಮ್ಮ ಹಿರಿಯರು ಇಂಥ ಜಾಗವನ್ನು ಗರಡಿಮನೆ ಎನ್ನುತ್ತಿದ್ದರು. ಈಗ ಎಲ್ಲರೂ ಜಿಮ್ ಎನ್ನುತ್ತಾರೆ. ಹೆಸರು ಬದಲಾದರೂ ಆಸೆ ಒಂದೇ. ಮೈಯಲ್ಲಿ ಬಲ ಬರಬೇಕು.

ಈ ಆಸೆ ಒಳ್ಳೆಯದೇ. ನಮ್ಮ ಊರುಗಳ ಅಣ್ಣಂದಿರು ಅನೇಕರು ಪೊಲೀಸ್ ಕೆಲಸಕ್ಕೋ ಸೈನ್ಯಕ್ಕೋ ಸೇರಬೇಕೆಂದು ಬಯಸುತ್ತಾರೆ. ಅದಕ್ಕೆ ಓಡಬೇಕು, ಹಗ್ಗ ಹತ್ತಬೇಕು, ಜಿಗಿಯಬೇಕು. ಬಲವಿಲ್ಲದೆ ಇವು ಆಗುವುದಿಲ್ಲ. ಆದರೆ ಜಿಮ್‌ಗೆ ಸೇರಿದ ಮೊದಲ ವಾರದಲ್ಲೇ ಕೆಲವು ಅಣ್ಣಂದಿರು ಮನೆಯಲ್ಲಿ ಒಂದು ಮಾತು ಹೇಳುತ್ತಾರೆ. “ಅಮ್ಮಾ, ನನಗೆ ಇನ್ನು ಮುದ್ದೆ ಬೇಡ, ಅನ್ನವೂ ಬೇಡ. ಒಂದು ಪ್ರೋಟೀನ್ ಪುಡಿಯ ಡಬ್ಬಿ ತರಬೇಕು, ದುಡ್ಡು ಕೊಡು.” ಒಂದು ಕಿಲೋ ಡಬ್ಬಿಗೆ ಸಾವಿರ ರೂಪಾಯಿಗೂ ಹೆಚ್ಚು ಬೆಲೆ. ಕೂಲಿ ಮಾಡುವ ಮನೆಯಲ್ಲಿ ಆ ಹಣ ಎಲ್ಲಿಂದ ಬರಬೇಕು? ಉಳಿದವರ ಊಟದಿಂದಲೇ ಬರಬೇಕು. ಆದ್ದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಹೊಸದಾಗಿ ಭಾರ ಎತ್ತುವವರಿಗೆ ಡಬ್ಬಿ ಬೇಕಾಗಿಲ್ಲ. ಮುದ್ದೆಯನ್ನು ಬಿಡುವ ಅಗತ್ಯವೂ ಇಲ್ಲ. ತಟ್ಟೆಯಲ್ಲಿ ಯಾವುದು ಕಡಿಮೆ ಇದೆಯೋ ಅದನ್ನು ಸೇರಿಸಿಕೊಂಡರೆ ಸಾಕು.

ಹಾಗಾದರೆ ಡಬ್ಬಿ ತಂದ ಅಣ್ಣನ ಬಲ ಒಂದೇ ತಿಂಗಳಲ್ಲಿ ಹೆಚ್ಚಿತಲ್ಲ, ಅದು ಹೇಗೆ ಎಂದು ನೀವು ಕೇಳಬಹುದು. ನೀವು ಸೈಕಲ್ ಕಲಿತ ದಿನಗಳನ್ನು ನೆನೆಸಿಕೊಳ್ಳಿರಿ. ಮೊದಲ ದಿನ ಬಿದ್ದಿರಿ. ಹತ್ತನೆಯ ದಿನ ಬೀಳದೆ ಓಡಿಸಿದಿರಿ. ಆ ಹತ್ತು ದಿನಗಳಲ್ಲಿ ನಿಮ್ಮ ಕಾಲುಗಳು ದಪ್ಪವಾದವೇ? ಇಲ್ಲ. ನಿಮ್ಮ ಮೆದುಳು ಮತ್ತು ನರಗಳು ಕೆಲಸವನ್ನು ಕಲಿತವು. ಭಾರ ಎತ್ತುವುದರಲ್ಲೂ ಹೀಗೆಯೇ. ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಬೇಗ ಏರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನರಗಳ ಕಲಿಕೆಯದು. ಮಾಂಸಖಂಡ ಬೆಳೆಯುವುದು ನಿಧಾನ. ಕಲಿಕೆಯಿಂದ ಬಂದ ಬಲಕ್ಕೆ ಅಣ್ಣ ಪುಡಿಯನ್ನು ಹೊಗಳುತ್ತಾನೆ. ಪುಡಿ ಮಾರುವವರಿಗೂ ಇದು ಅನುಕೂಲವೇ!

ಗ್ರೀಸ್ ದೇಶದವರು ಒಂದು ಹಳೆಯ ಕಥೆ ಹೇಳುತ್ತಾರೆ. ಮೈಲೋ ಎಂಬ ಕುಸ್ತಿಪಟು ಒಂದು ಎಳೆಯ ಕರುವನ್ನು ಪ್ರತಿದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಬೆಳೆಯಿತು. ಮೈಲೋವಿನ ಬಲವೂ ಸ್ವಲ್ಪ ಸ್ವಲ್ಪ ಬೆಳೆಯಿತು. ಕೊನೆಗೆ ಅವನು ದೊಡ್ಡ ಹೋರಿಯನ್ನೇ ಹೊತ್ತನಂತೆ. ಕಥೆಯಲ್ಲಿ ಉತ್ಪ್ರೇಕ್ಷೆ ಇದೆ. ಆದರೂ ಅದರ ದಾರಿ ಸರಿಯಾಗಿದೆ. ಮೈಲೋ ಕರುವನ್ನು ಬಿಟ್ಟು ಮೊದಲ ದಿನವೇ ಹೋರಿಯ ಬಳಿಗೆ ಹೋಗಲಿಲ್ಲ. ಊಟವನ್ನು ಬದಲಾಯಿಸುವಾಗಲೂ ಹೀಗೆಯೇ ನಿಧಾನವಾಗಿ ಹೋಗಬೇಕು.

ಅನ್ನ, ಮುದ್ದೆ ಎರಡನ್ನೂ ಒಮ್ಮೆಲೇ ಬಿಟ್ಟರೆ ಏನಾಗುತ್ತದೆ? ನಾವು ತಿಂದ ಧಾನ್ಯದ ಪಿಷ್ಟವು ಸಕ್ಕರೆಯ ರೂಪ ಪಡೆಯುತ್ತದೆ. ಅದರ ಒಂದು ಭಾಗ ನೀರಿನೊಂದಿಗೆ ಸೇರಿ ಮಾಂಸಖಂಡಗಳಲ್ಲಿ ಸಂಗ್ರಹವಾಗುತ್ತದೆ. ಭಾರ ಎತ್ತುವಾಗ ಮೈ ಉರಿಸುವುದು ಬಹಳ ಮಟ್ಟಿಗೆ ಈ ಸಂಗ್ರಹವನ್ನೇ. ಧಾನ್ಯ ಬಿಟ್ಟ ಮೊದಲ ವಾರದಲ್ಲಿ ತೂಕ ಒಂದೆರಡು ಕಿಲೋ ಇಳಿಯಬಹುದು. ನೋಡಿದವರು ಭೇಷ್ ಎನ್ನುತ್ತಾರೆ. ಆದರೆ ಅದರಲ್ಲಿ ಬಹುಪಾಲು ನೀರು. ನಿನ್ನೆ ಹತ್ತು ಸಲ ಎತ್ತಿದ ಭಾರ ಇಂದು ಏಳು ಸಲಕ್ಕೇ ಸಾಕೆನಿಸುತ್ತದೆ. ಆಗ ಅಣ್ಣ ಇನ್ನೊಂದು ಡಬ್ಬಿ ಬೇಕೆನ್ನುತ್ತಾನೆ. ಅವನಿಗೆ ಬೇಕಾಗಿರುವುದು ಮುದ್ದೆ.

ನಮ್ಮ ಸೀಮೆ ರಾಗಿಯ ಸೀಮೆ. ಧರ್ಮಪುರಿ, ಕೃಷ್ಣಗಿರಿ ಎರಡೂ ಜಿಲ್ಲೆಗಳು ರಾಗಿಗೆ ಹೆಸರಾದವು. 2004ರವರೆಗೆ ಇವೆರಡೂ ಒಂದೇ ಜಿಲ್ಲೆಯಾಗಿದ್ದವು ಎಂಬುದು ನಿಮಗೆ ತಿಳಿದಿರಲಿ. ತಮಿಳರು ಕಳಿ ಎನ್ನುವುದನ್ನೇ ನಾವು ಮುದ್ದೆ ಎನ್ನುತ್ತೇವೆ. 2023ರಲ್ಲಿ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ಪಡಿತರ ಅಂಗಡಿಗಳಲ್ಲಿ ಎರಡು ಕಿಲೋ ಅಕ್ಕಿಯ ಬದಲಿಗೆ ಎರಡು ಕಿಲೋ ರಾಗಿ ಕೊಡಲು ಆರಂಭಿಸಿದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಂನಷ್ಟು ಮಾತ್ರ. ಭಾರ ಹೊರುವುದು ಮಾಂಸಖಂಡ ಮಾತ್ರವಲ್ಲ, ಮೂಳೆಯೂ ಹೊರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಹಲ್ಲುಗಳನ್ನೂ ಮೂಳೆಗಳನ್ನೂ ಕೆಡಿಸುತ್ತದೆ. ಅದಕ್ಕಾಗಿಯೇ ಹೊಗೆನಕಲ್‌ನಿಂದ ಕಾವೇರಿ ನೀರು ತರುವ ಯೋಜನೆ 2013ರಲ್ಲಿ ಕೆಲಸ ಆರಂಭಿಸಿತು. ಕುಡಿಯುವ ನೀರು ಶುದ್ಧವಾಗಿರಬೇಕು, ತಟ್ಟೆಯಲ್ಲಿ ರಾಗಿಯೂ ಇರಬೇಕು. ಮೂಳೆಯ ವಿಷಯದಲ್ಲಿ ನಾವು ಉಳಿದವರಿಗಿಂತ ಹೆಚ್ಚು ಎಚ್ಚರವಾಗಿರುವುದು ಒಳ್ಳೆಯದು.

ಆದರೆ ರಾಗಿಯನ್ನು ಹೊಗಳುವ ಭರದಲ್ಲಿ ಸುಳ್ಳು ಹೇಳಬಾರದು. ಮಾಂಸಖಂಡ ಕಟ್ಟಲು ಬೇಕಾದ ಪ್ರೋಟೀನು ರಾಗಿಯಲ್ಲಿ ಹೆಚ್ಚೇನೂ ಇಲ್ಲ. ನೂರು ಗ್ರಾಂ ಹಿಟ್ಟಿನಲ್ಲಿ ಏಳು ಗ್ರಾಂನಷ್ಟು ಇರುತ್ತದೆ, ಅಷ್ಟೆ. ಬರೀ ಮುದ್ದೆಯನ್ನು ಉಪ್ಪುಮೆಣಸಿನಕಾಯಿಯೊಂದಿಗೆ ನುಂಗಿ ಬಲ ಬರಲಿಲ್ಲ ಎಂದರೆ ಮುದ್ದೆಯ ತಪ್ಪಲ್ಲ. ನಮ್ಮ ಅಜ್ಜಿಯರು ಮುದ್ದೆಯ ಜೊತೆಗೆ ಏನು ಮಾಡುತ್ತಿದ್ದರು? ಹುರುಳಿ ಸಾರು, ಅವರೆಕಾಳಿನ ಹುಳಿ, ಸೊಪ್ಪು ಬೆರೆಸಿದ ಬೇಳೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಕಡಲೆಕಾಯಿ ಬೀಜದಲ್ಲಿ 25 ಗ್ರಾಂನಷ್ಟು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಒಂದು ಲೋಟ ಹಾಲಿನಲ್ಲೂ ಸುಮಾರು ಅಷ್ಟೇ. ಧಾನ್ಯದಲ್ಲಿ ಕಡಿಮೆ ಇರುವ ಅಂಶವನ್ನು ಕಾಳು ತುಂಬಿಸುತ್ತದೆ, ಕಾಳಿನಲ್ಲಿ ಕಡಿಮೆ ಇರುವುದನ್ನು ಧಾನ್ಯ ತುಂಬಿಸುತ್ತದೆ. ಈಗ ಅನೇಕ ಮನೆಗಳಲ್ಲಿ ಸಾರು ತೆಳುವಾಗಿದೆ, ಕಾಳು ತಳದಲ್ಲಿ ನಾಲ್ಕೇ ಉಳಿದಿವೆ. ಬದಲಾಗಬೇಕಾದದ್ದು ಅಲ್ಲಿ.

ಇನ್ನೊಂದು ಬದಲಾವಣೆ ಬೆಳಗಿನ ಊಟದ್ದು. ಖಾಲಿ ಹೊಟ್ಟೆಯಲ್ಲಿ ಓಡಿ, ಭಾರ ಎತ್ತಿ, ಬರೀ ಟೀ ಕುಡಿದು ಕೆಲಸಕ್ಕೆ ಹೋಗುವವರು ಎಷ್ಟೋ ಜನ. ಶಾಲೆಯ ಮಕ್ಕಳ ಹಸಿವನ್ನು ನಮ್ಮ ರಾಜ್ಯ ಬಹಳ ಹಿಂದೆಯೇ ಗಮನಿಸಿತು. 1956ರಲ್ಲಿ ಕಾಮರಾಜರ ಕಾಲದಲ್ಲಿ ಮಧ್ಯಾಹ್ನದ ಊಟ ಬಂದಿತು. 1982ರಲ್ಲಿ ಎಂ.ಜಿ.ಆರ್. ಅದನ್ನು ಪೌಷ್ಟಿಕ ಊಟವಾಗಿ ಹರಡಿದರು. ಮುಂದೆ ಅದಕ್ಕೆ ಮೊಟ್ಟೆ ಸೇರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2022ರ ಸೆಪ್ಟೆಂಬರ್‌ನಲ್ಲಿ ಬೆಳಗಿನ ಉಪಾಹಾರ ಆರಂಭವಾಗಿ, 2023ರಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ನೀವು ತಿನ್ನುವ ಪೊಂಗಲ್, ಉಪ್ಪಿಟ್ಟುಗಳಿಗೆ ಇಷ್ಟು ಉದ್ದದ ಚರಿತ್ರೆ ಇದೆ. ಶಾಲೆ ಬಿಟ್ಟು ದೊಡ್ಡವರಾದ ಅಣ್ಣಂದಿರಿಗೆ ಈ ಊಟವಿಲ್ಲ. ಅವರ ಬೆಳಗಿನ ತಟ್ಟೆಯನ್ನು ಮನೆಯೇ ನೋಡಿಕೊಳ್ಳಬೇಕು.

ಊಟದ ಖರ್ಚು ಸಣ್ಣ ಮಾತಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಕರ್ನಾಟಕದ ಕುಂದಾಪುರ ತಾಲೂಕಿನ ಗುರುರಾಜ ಪೂಜಾರಿಯವರ ಹೆಸರನ್ನು ಕೇಳಿದ್ದೀರಾ? ಅವರ ತಂದೆ ಲಾರಿ ಚಾಲಕರು. ದೊಡ್ಡ ಸಂಸಾರ. ಭಾರ ಎತ್ತುವವನಿಗೆ ಬೇಕಾದ ಆಹಾರಕ್ಕೆ ಹಣ ಹೊಂದಿಸುವುದು ಆರಂಭದಲ್ಲಿ ಕಷ್ಟವಾಗಿತ್ತು ಎಂದು ಅವರೇ ಹೇಳಿದ್ದಾರೆ. 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೋ ವಿಭಾಗದಲ್ಲಿ ಎರಡು ಎತ್ತುಗಳಿಂದ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕ್ರೀಡೆಗಳಲ್ಲಿ ಭಾರತದ ಮೊದಲ ಪದಕ ಅದೇ. ಅದೇ ಕ್ರೀಡೆಗಳಲ್ಲಿ ನಮ್ಮ ರಾಜ್ಯದ ವೇಲೂರಿನ ಸತೀಶ್ ಶಿವಲಿಂಗಂ 77 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದರು. 2022ರಲ್ಲಿ ಗುರುರಾಜರು 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಪಡೆದರು. ಲೆಕ್ಕ ಮಾಡಿರಿ. ನಾಲ್ಕು ವರ್ಷಗಳಲ್ಲಿ ಇಪ್ಪತ್ತು ಕಿಲೋ ಹೆಚ್ಚು. ದೇಶಕ್ಕಾಗಿ ಎತ್ತುವ, ತರಬೇತುದಾರರೂ ವೈದ್ಯರೂ ಜೊತೆಗಿರುವ ಒಬ್ಬ ಕ್ರೀಡಾಪಟುವಿಗೆ ಇಷ್ಟು ಕಾಲ ಬೇಕಾಯಿತು. ನಮ್ಮ ಅಣ್ಣ ಒಂದು ತಿಂಗಳಿಗೆ ಬೇಸರಪಟ್ಟುಕೊಂಡರೆ ಹೇಗೆ?

ಪುಡಿ ವಿಷವೇ? ಅಲ್ಲ. ಅದನ್ನು ಹೆಚ್ಚಾಗಿ ಹಾಲಿನಿಂದಲೇ ಮಾಡುತ್ತಾರೆ. ಹಾಲು ಒಡೆದಾಗ ಉಳಿಯುವ ತಿಳಿನೀರನ್ನು ಒಣಗಿಸಿ ತಯಾರಿಸುತ್ತಾರೆ. ದೊಡ್ಡ ಸ್ಪರ್ಧೆಗಳಿಗೆ ಸಿದ್ಧರಾಗುವವರು ವೈದ್ಯರನ್ನು ಕೇಳಿ ಬಳಸುವುದುಂಟು. ನಿಮ್ಮ ವಯಸ್ಸಿನ ಮಕ್ಕಳಿಗಂತೂ ಅದು ಬೇಡವೇ ಬೇಡ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಮಾತು. ಅಣ್ಣನ ಮೊಟ್ಟೆಯ ಬಗ್ಗೆ ಮನೆಯವರೆಲ್ಲ ಯೋಚಿಸುತ್ತಾರೆ. ಅಕ್ಕನ ಮೊಟ್ಟೆ ಎಲ್ಲಿ? ಅನೇಕ ಮನೆಗಳಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು, ಹುಡುಗಿಯರು ಉಣ್ಣುತ್ತಾರೆ. ಅಷ್ಟರಲ್ಲಿ ಸಾರಿನ ಕಾಳು ಮುಗಿದಿರುತ್ತದೆ. ನೀರಿನ ಬಿಂದಿಗೆ, ಸೌದೆಯ ಹೊರೆ, ಹುಲ್ಲಿನ ಹೊರೆ ಹೊರುವವಳು ಅವಳೇ. ಹೊರೆ ಹೊರುವುದೂ ಭಾರ ಎತ್ತುವುದೇ ಅಲ್ಲವೇ? ಮಣಿಪುರದ ಮೀರಾಬಾಯಿ ಚಾನು ಚಿಕ್ಕಂದಿನಲ್ಲಿ ಗುಡ್ಡದಿಂದ ಸೌದೆ ಹೊತ್ತು ತಂದವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 49 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಒಂದು ಎತ್ತಿನಲ್ಲಿ 115 ಕಿಲೋ ಎತ್ತಿದರು. ಅದು ತಮ್ಮ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚು. ಅಕ್ಕನೂ ಪೊಲೀಸ್ ಆಗಬೇಕೆಂದಿದ್ದಾಳೆ, ಓಡಲು ಹೋಗುತ್ತಿದ್ದಾಳೆ ಎಂದಿಟ್ಟುಕೊಳ್ಳಿರಿ. ಕಾಳಿಲ್ಲದ ಸಾರಿನಲ್ಲಿ ಅವಳು ಎಷ್ಟು ದೂರ ಓಡಬಲ್ಲಳು? ಒಬ್ಬನ ಡಬ್ಬಿಯ ಹಣದಲ್ಲಿ ಮನೆಯವರಿಗೆಲ್ಲ ಎಷ್ಟು ದಿನ ಕಾಳು, ಮೊಟ್ಟೆ ಬರುತ್ತದೆ? ನಿಮ್ಮ ಊರಿನ ಅಂಗಡಿಯ ಬೆಲೆ ಕೇಳಿ ನೀವೇ ಲೆಕ್ಕ ಹಾಕಿರಿ.

ನೀವಿನ್ನೂ ಚಿಕ್ಕವರು. ಅಣ್ಣನ ಕಬ್ಬಿಣದ ತೂಕಗಳನ್ನು ಗುಟ್ಟಾಗಿ ಎತ್ತಲು ಹೋಗಬೇಡಿರಿ. ಬಸ್ಕಿ ಹೊಡೆಯಿರಿ, ಮರ ಹತ್ತಿರಿ, ಕಬಡ್ಡಿ ಆಡಿರಿ. ತೂಕ ಎತ್ತುವುದಾದರೆ ಕಲಿಸುವವರು ಎದುರಿಗಿರಬೇಕು. ಅಷ್ಟರಲ್ಲಿ ಅಣ್ಣನಿಗೆ ನೀವು ಒಂದು ಸಹಾಯ ಮಾಡಬಹುದು. ಒಂದು ಹಳೆಯ ನೋಟ್‌ಬುಕ್‌ನಲ್ಲಿ ಗೆರೆ ಹಾಕಿಕೊಡಿರಿ. ಒಂದು ಕಡೆ ಇಂದು ತಿಂದದ್ದು, ಇನ್ನೊಂದು ಕಡೆ ಇಂದು ಎತ್ತಿದ್ದು, ನಿದ್ದೆ ಎಷ್ಟು ಗಂಟೆ. ಊಟದಲ್ಲಿ ಒಂದು ಬಾರಿಗೆ ಒಂದೇ ಬದಲಾವಣೆ. ಮೊದಲು ಒಂದು ಹಿಡಿ ಹುರುಳಿ ಸೇರಲಿ. ನಾಲ್ಕು ವಾರ ಕಳೆದ ಮೇಲೆ ಎರಡು ಕಡೆಯನ್ನೂ ಓದಿ ನೋಡಲಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಅಕ್ಕನಿಗೂ ಅಂಥದೇ ಒಂದು ನೋಟ್‌ಬುಕ್ ಮಾಡಿಕೊಡಿರಿ. ಅವಳ ‘ಇಂದು ತಿಂದದ್ದು’ ಎಂಬ ಕಡೆಯನ್ನು ವಾರಕ್ಕೊಮ್ಮೆ ಅಪ್ಪ ಅಮ್ಮನಿಗೆ ಓದಿ ಹೇಳಿರಿ.